ಮೈಕಲ್ ವಾರ್ನರ್, ಕ್ವಿಯರ್ ಚಿಂತನೆ ಮತ್ತು ‘ಪಬ್ಲಿಕ್’: ಪದೇ ಪದೇ ಕೇಳುವ ಪ್ರಶ್ನೆಗಳು

ವಾರ್ನರ್ ಹೆಸರು ಬಂದಲ್ಲೆಲ್ಲ ಒಂದಷ್ಟು ಪ್ರಶ್ನೆಗಳು ಹಿಂದೆಯೇ ಬರುತ್ತವೆ. ಕೆಲವು ಕುತೂಹಲದವು, ಕೆಲವು ಸಿಟ್ಟಿನವು. ಎರಡಕ್ಕೂ ಇಲ್ಲಿ ಜಾಗವಿದೆ. ಕ್ವಿಯರ್ ಚಿಂತನೆ ಅಂದರೆ, ಗಂಡು-ಹೆಣ್ಣಿನ ಜೋಡಿಯೇ ಸರಿ ಎಂಬ ಅಳತೆಯನ್ನು ಪ್ರಶ್ನಿಸುವ ಚಿಂತನೆ.

ಯಾರು ಈ ಮೈಕಲ್ ವಾರ್ನರ್?

ಅಮೆರಿಕದ ಸಾಹಿತ್ಯ ವಿದ್ವಾಂಸ. ಹುಟ್ಟಿದ್ದು 1958ರಲ್ಲಿ. ಜಾನ್ಸ್ ಹಾಪ್ಕಿನ್ಸ್‌ನಲ್ಲಿ ಪಿಎಚ್‌ಡಿ ಮಾಡಿದರು. ರಟ್ಗರ್ಸ್ ವಿಶ್ವವಿದ್ಯಾಲಯದಲ್ಲಿ ಬಹಳ ವರ್ಷ ಪಾಠ ಹೇಳಿ ಆಮೇಲೆ ಯೇಲ್‌ಗೆ ಹೋದರು. ಅವರ ಮೂಲ ಕಸುಬು 18ನೇ ಶತಮಾನದ ಅಮೆರಿಕದ ಪತ್ರಿಕೆ, ಕರಪತ್ರ, ಅಚ್ಚುಮನೆಗಳ ಅಧ್ಯಯನ. ಇದನ್ನು ಮರೆತು ಅವರನ್ನು ಬರೀ ‘ಗೇ ಹಕ್ಕುಗಳ ಬಗ್ಗೆ ಬರೆದವರು’ ಎಂದುಕೊಂಡರೆ ಅರ್ಧ ವಾರ್ನರ್ ಕೈತಪ್ಪಿ ಹೋಗುತ್ತಾರೆ.

ಇನ್ನೊಂದು ವಿಷಯ ಹಲವರಿಗೆ ಗೊತ್ತಿರುವುದಿಲ್ಲ. ಅವರು ಬೆಳೆದದ್ದು ಕಟ್ಟಾ ಪೆಂಟೆಕಾಸ್ಟಲ್ ಕ್ರೈಸ್ತ ಮನೆಯಲ್ಲಿ. ಓದಿದ್ದೂ ಟೀವಿ ಪ್ರಚಾರಕ ಓರಲ್ ರಾಬರ್ಟ್ಸ್ ಕಟ್ಟಿದ ವಿಶ್ವವಿದ್ಯಾಲಯದಲ್ಲಿ. ಸಭೆ ಸೇರಿಸುವುದು, ಮುಖಪರಿಚಯವೇ ಇಲ್ಲದವರನ್ನು ಮಾತಿನಲ್ಲೇ ಸೆಳೆದು ‘ನಮ್ಮವರು’ ಮಾಡಿಕೊಳ್ಳುವುದು ಹೇಗೆಂದು ಅವರು ಚಿಕ್ಕಂದಿನಲ್ಲೇ ಕಂಡಿದ್ದರು.

ಹಳೇ ಪತ್ರಿಕೆಗಳಿಗೂ ಕ್ವಿಯರ್ ಚಿಂತನೆಗೂ ಏನು ಸಂಬಂಧ?

ಇದು ಎಲ್ಲಕ್ಕಿಂತ ಒಳ್ಳೆಯ ಪ್ರಶ್ನೆ. ಒಂದು ಘಟನೆಯಿಂದ ಶುರು ಮಾಡೋಣ.

1722, ಬಾಸ್ಟನ್. ಜೇಮ್ಸ್ ಫ್ರಾಂಕ್ಲಿನ್ ಎಂಬಾತ ‘ನ್ಯೂ ಇಂಗ್ಲೆಂಡ್ ಕೊರಾಂಟ್’ ಎಂಬ ಪತ್ರಿಕೆ ನಡೆಸುತ್ತಿದ್ದ. ಅವನ 16 ವರ್ಷದ ತಮ್ಮ ಬೆಂಜಮಿನ್ ಅದೇ ಅಚ್ಚುಮನೆಯಲ್ಲಿ ಕೆಲಸ ಕಲಿಯುವ ಹುಡುಗ. ತನ್ನ ಹೆಸರಲ್ಲಿ ಬರೆದರೆ ಅಣ್ಣ ಹಾಕುವುದಿಲ್ಲ ಅಂತ ಅವನಿಗೆ ಗೊತ್ತು. ಹಾಗಾಗಿ ಸೈಲೆನ್ಸ್ ಡೂಗುಡ್ ಎಂಬ ಇಲ್ಲದ ವಿಧವೆಯ ಹೆಸರಲ್ಲಿ ಪತ್ರ ಬರೆದ. ಅಕ್ಷರ ಗುರುತು ಸಿಗದಂತೆ ಬರೆದು ರಾತ್ರಿ ಅಚ್ಚುಮನೆಯ ಬಾಗಿಲ ಸಂದಿಯಲ್ಲಿ ತೂರಿಸಿದ. ಬೆಳಿಗ್ಗೆ ಅಣ್ಣ ಮತ್ತು ಅಣ್ಣನ ಸ್ನೇಹಿತರು ಅದನ್ನು ಓದಿ ಹೊಗಳಿದರು. ಬರೆದವರು ಯಾರಿರಬಹುದು ಎಂದು ಊರಿನ ಓದಿದ ಜಾಣರ ಹೆಸರುಗಳನ್ನೇ ಊಹಿಸಿದರು. ಹುಡುಗ ಅಲ್ಲೇ ನಿಂತು ಎಲ್ಲ ಕೇಳಿಸಿಕೊಂಡ. ಹೀಗೆ 14 ಪತ್ರಗಳು ಅಚ್ಚಾದವು.

ಅಚ್ಚಿನ ಲೋಕದಲ್ಲಿ ಮಾತು ಆಡಿದವನ ಮೈ ಬಿಟ್ಟು ಹೊರಡುತ್ತದೆ. ಯಾರ ಮಗ, ಎಷ್ಟು ವಯಸ್ಸು, ಕೈಗೆ ಮಸಿ ಹತ್ತಿದೆಯಾ ಎಂದು ಯಾರೂ ನೋಡುವುದಿಲ್ಲ. ಅಮೆರಿಕದ ಸಂವಿಧಾನದ ಪರವಾಗಿ 1787-88ರಲ್ಲಿ ಮೂವರು ನಾಯಕರು 85 ಲೇಖನ ಬರೆದರಲ್ಲ, ಅವಕ್ಕೂ ‘ಪಬ್ಲಿಯಸ್’ ಎಂಬ ಒಂದೇ ಹೆಸರು. ಮಾತಾಡುವವನು ನಾನಲ್ಲ, ಸಾರ್ವಜನಿಕ ಹಿತವೇ ಮಾತಾಡುತ್ತಿದೆ ಎಂಬ ಠೀವಿ ಅದರಲ್ಲಿದೆ.

ವಾರ್ನರ್ ಇಲ್ಲಿ ನಿಂತು ಕೇಳುವುದು ಇಷ್ಟೇ: ಹೀಗೆ ಮೈಯನ್ನು ಮನೆಯಲ್ಲಿ ಬಿಟ್ಟು ಮಾತಾಡುವ ಸವಲತ್ತು ಯಾರಿಗೆ ಸಿಕ್ಕಿತ್ತು? ಆಸ್ತಿ ಇದ್ದ, ಅಕ್ಷರ ಬಲ್ಲ ಬಿಳಿ ಗಂಡಸಿಗೆ. ಅವನು ‘ಮನುಷ್ಯ’ ಎಂದರೆ ನಡೆಯುತ್ತಿತ್ತು. ಹೆಂಗಸು ಮಾತಾಡಿದರೆ ಹೆಂಗಸಿನ ಮಾತು. ಕರಿಯರು ಮಾತಾಡಿದರೆ ಕರಿಯರ ಮಾತು. ಸಲಿಂಗಿ ಬಾಯಿ ತೆರೆದರೆ ಮಾತಿಗಿಂತ ಮೊದಲು ಅವನ ಹಾಸಿಗೆಯೇ ಎಲ್ಲರ ಕಣ್ಣಿಗೆ ಬೀಳುತ್ತದೆ. ಕೆಲವರ ಮೈ ಕಾಣುವುದೇ ಇಲ್ಲ, ಇನ್ನು ಕೆಲವರದು ಮೈ ಬಿಟ್ಟು ಬೇರೇನೂ ಕಾಣುವುದಿಲ್ಲ. ಅಚ್ಚಿನ ಚರಿತ್ರೆ ಕ್ವಿಯರ್ ಚಿಂತನೆಯ ಬಾಗಿಲಿಗೆ ಬಂದದ್ದು ಹೀಗೆ.

ಇದನ್ನೆಲ್ಲ ಹಾಬರ್ಮಾಸ್ ಆಗಲೇ ಹೇಳಿಲ್ವಾ?

ಅಡಿಪಾಯ ಅವರದೇ. ಜರ್ಮನಿಯ ಯೂರ್ಗೆನ್ ಹಾಬರ್ಮಾಸ್ 1962ರಲ್ಲಿ ಸಾರ್ವಜನಿಕ ವಲಯದ ಬಗ್ಗೆ ಬರೆದರು. ಅದು ಇಂಗ್ಲಿಷಿಗೆ ಬಂದದ್ದು 1989ರಲ್ಲಿ. ಕಾಫಿಹೌಸುಗಳಲ್ಲಿ, ಪತ್ರಿಕೆಗಳಲ್ಲಿ ಜನ ಅಂತಸ್ತು ಮರೆತು ಕಾರಣ ಕೊಟ್ಟು ವಾದಿಸಿದರು, ಅದರಿಂದ ಅರಸರ ಅಧಿಕಾರವನ್ನು ಪ್ರಶ್ನಿಸುವ ಒಂದು ವಲಯ ಹುಟ್ಟಿತು ಎಂಬುದು ಅವರ ಚಿತ್ರ. ಚೆಂದದ ಚಿತ್ರವೇ. ಆದರೆ ಅಂತಸ್ತು ಮರೆಯುವುದು ಅಂತಸ್ತು ಇದ್ದವರಿಗೆ ಸುಲಭ. ಅಮೆರಿಕದ ಚಿಂತಕಿ ನ್ಯಾನ್ಸಿ ಫ್ರೇಸರ್ 1990ರಲ್ಲಿ ಈ ಕೊರತೆಯನ್ನು ತೋರಿಸಿ, ಹೊರಗುಳಿದವರು ತಮ್ಮದೇ ಬೇರೆ ವಲಯಗಳನ್ನು ಕಟ್ಟಿಕೊಳ್ಳುತ್ತಾರೆ ಎಂದರು. ವಾರ್ನರ್ ಅಲ್ಲಿಂದ ಮುಂದಕ್ಕೆ ಹೋಗುತ್ತಾರೆ. ಹೊರಗಿನವರು ಬೇರೆ ವಿಷಯ ಮಾತಾಡುತ್ತಾರೆ ಎನ್ನುವುದಷ್ಟೇ ಸಾಲದು, ಅವರು ಮಾತಾಡುವ ರೀತಿಯೇ ಬೇರೆ ಎನ್ನುವುದು ಅವರ ಸೇರ್ಪಡೆ.

ಸರಿ, ‘ಪಬ್ಲಿಕ್’ ಅಂದರೆ ಯಾರು? ಜನ ತಾನೇ?

ಜನ ಅಂದರೆ ತಲೆ ಎಣಿಸಬಹುದು. ಸಭಾಂಗಣದಲ್ಲಿ ಕೂತವರನ್ನೂ ಎಣಿಸಬಹುದು. ವಾರ್ನರ್ ಹೇಳುವ ಪಬ್ಲಿಕ್ಕನ್ನು ಎಣಿಸಲು ಬರುವುದಿಲ್ಲ. ಅದು ಮಾತಿನಿಂದಲೇ ಹುಟ್ಟುತ್ತದೆ. ಯಾರೋ ಬರೆಯುತ್ತಾರೆ, ಯಾರಿಗೋ ತಲುಪುತ್ತದೆ, ಅವರು ಗಮನ ಕೊಡುತ್ತಾರೆ. ಆ ಗಮನ ಇರುವಷ್ಟು ಹೊತ್ತು ಪಬ್ಲಿಕ್ ಇದೆ. ಗಮನ ಹೋಯಿತೋ, ಅದೂ ಇಲ್ಲ. ಸೇರಲು ಸದಸ್ಯತ್ವದ ಅರ್ಜಿ ಬೇಡ. ಸರ್ಕಾರ ಇದನ್ನು ಹುಟ್ಟಿಸುವುದಿಲ್ಲ, ರದ್ದು ಮಾಡಲೂ ಆಗುವುದಿಲ್ಲ.

ಇದರಲ್ಲಿ ಎರಡು ಸಂಗತಿ ನನಗೆ ಮುಖ್ಯ ಅನಿಸುತ್ತದೆ.

ಮೊದಲನೆಯದು, ಪಬ್ಲಿಕ್ ಅಪರಿಚಿತರ ಬಳಗ. ಓದುಗರೇ ಎಂದು ಬರೆದಾಗ ನಿಮ್ಮನ್ನೇ ಕರೆದಂತೆ ಇರಬೇಕು, ಆದರೆ ನಿಮ್ಮೊಬ್ಬರನ್ನೇ ಅಲ್ಲ ಎಂಬುದೂ ಗೊತ್ತಾಗಬೇಕು. ಸ್ನೇಹಿತರಿಗೆ ಬರೆದ ಪತ್ರದಲ್ಲಿ ಈ ಎರಡನೆಯ ಗುಣ ಇರುವುದಿಲ್ಲ.

ಎರಡನೆಯದು, ಒಂದೇ ಬರಹದಿಂದ ಪಬ್ಲಿಕ್ ಆಗುವುದಿಲ್ಲ. ಮಾತಿಗೆ ಮಾತು ಬರಬೇಕು, ಉತ್ತರ ಬರಬೇಕು, ಅದಕ್ಕೆ ಮರು ಉತ್ತರ ಬರಬೇಕು. ವಾರ್ನರ್ ಕೊಡುವ ಉದಾಹರಣೆ 1711ರಲ್ಲಿ ಲಂಡನ್ನಿನಲ್ಲಿ ಶುರುವಾದ ‘ಸ್ಪೆಕ್ಟೇಟರ್’ ದಿನಪತ್ರಿಕೆಯದು. ಓದುಗರ ಪತ್ರಗಳನ್ನು ಹಾಕಿ, ಅದಕ್ಕೆ ಉತ್ತರ ಕೊಟ್ಟು, ‘ನಮ್ಮನ್ನು ಯಾರೆಲ್ಲ ಓದುತ್ತಿದ್ದಾರೆ ನೋಡಿ’ ಎಂದು ಓದುಗರಿಗೇ ತೋರಿಸುತ್ತಿದ್ದ ಪತ್ರಿಕೆ ಅದು. ದಿನಕ್ಕೊಮ್ಮೆ ಬರುವ ಪತ್ರಿಕೆಯ ಪಬ್ಲಿಕ್ಕಿಗೆ ಒಂದು ವೇಗ ಇರುತ್ತದೆ, ಮೂರು ತಿಂಗಳಿಗೊಮ್ಮೆ ಬರುವ ಪಾಂಡಿತ್ಯದ ಪತ್ರಿಕೆಗೆ ಬೇರೆ ವೇಗ. ರಾಜಕೀಯ ನಡೆಯುವುದು ದಿನದ ವೇಗದಲ್ಲಿ. ಪ್ರೊಫೆಸರುಗಳ ಮಾತು ಬೀದಿಗೆ ಯಾಕೆ ತಡವಾಗಿ ತಲುಪುತ್ತದೆ ಎಂಬುದಕ್ಕೆ ಅರ್ಧ ಕಾರಣ ಇಲ್ಲೇ ಇದೆ.

ವಾಟ್ಸಾಪ್ ಗ್ರೂಪು ಪಬ್ಲಿಕ್ಕಾ?

ಮನೆಯವರ ಗ್ರೂಪು ಅಲ್ಲ. ಅಲ್ಲಿಂದ ಫಾರ್ವರ್ಡ್ ಆಗಿ ಹೊರಟ ಸಂದೇಶ ಗುರುತಿಲ್ಲದ ನೂರು ಕೈ ದಾಟಿದಾಗ ಅದು ಒಂದು ಪಬ್ಲಿಕ್ಕನ್ನು ಹುಡುಕಿಕೊಂಡು ಹೊರಟಂತೆ.

ಹಾಗಾದರೆ ಕೌಂಟರ್‌ಪಬ್ಲಿಕ್?

ಅದೂ ಪಬ್ಲಿಕ್ಕೇ. ವ್ಯತ್ಯಾಸ ಏನೆಂದರೆ, ತಾನು ಕೆಳಗಿನ ಸ್ಥಾನದಲ್ಲಿದ್ದೇನೆ ಎಂಬ ಅರಿವು ಅದಕ್ಕೆ ಸದಾ ಇರುತ್ತದೆ. ಅಲ್ಲಿಯ ಮಾತನ್ನು ಬೇರೆ ಕಡೆ ಆಡಿದರೆ ಜನ ಮುಖ ಸಿಂಡರಿಸುತ್ತಾರೆ. ಗೇ ಪತ್ರಿಕೆಯೊಂದನ್ನು ಕೈಯಲ್ಲಿ ಹಿಡಿದು ರೈಲಿನಲ್ಲಿ ಕೂತವನನ್ನು ನೆನೆಸಿಕೊಳ್ಳಿ. ಅದನ್ನು ಓದುವುದಕ್ಕಿಂತ ಮೊದಲು, ಓದುತ್ತಿರುವುದನ್ನು ಯಾರಾದರೂ ನೋಡಿಬಿಟ್ಟರೆ ಎಂಬುದು ಅವನ ತಲೆಯಲ್ಲಿರುತ್ತದೆ. ಆರ್ಥಿಕ ಪತ್ರಿಕೆ ಹಿಡಿದವನಿಗೆ ಈ ಯೋಚನೆಯೇ ಇಲ್ಲ.

ಇಂಥ ಜಾಗಕ್ಕೆ ಬಂದ ಮನುಷ್ಯ ಬಂದಂತೆಯೇ ವಾಪಸ್ ಹೋಗುವುದಿಲ್ಲ ಎಂಬುದು ವಾರ್ನರ್ ಅವರ ದೊಡ್ಡ ಮಾತು. ‘ನಾವು ಮೊದಲೇ ಹೀಗಿದ್ದೆವು, ಈಗ ಒಟ್ಟಿಗೆ ಸೇರಿದೆವು’ ಎಂದು ನಾವು ಅಂದುಕೊಳ್ಳುತ್ತೇವೆ. ಅವರು ತಿರುಗಿಸಿ ಹೇಳುತ್ತಾರೆ: ಒಟ್ಟಿಗೆ ಮಾತಾಡುತ್ತಾ, ಉಡುತ್ತಾ ತೊಡುತ್ತಾ, ಕೀಟಲೆ ಮಾಡುತ್ತಾ ನಾವು ಹೀಗಾಗುತ್ತೇವೆ. ಅಂದರೆ ಆ ಜಾಗ ಮುಚ್ಚಿದರೆ ಬರೀ ಸಭೆ ನಿಲ್ಲುವುದಿಲ್ಲ, ಒಂದು ರೀತಿಯ ಬದುಕೇ ಸಾಧ್ಯವಾಗದೆ ಹೋಗುತ್ತದೆ.

ಸಂಪ್ರದಾಯವಾದಿ ಧಾರ್ಮಿಕರೂ ತಾವೇ ಕೌಂಟರ್‌ಪಬ್ಲಿಕ್ ಅಂತ ಹೇಳಿಕೊಳ್ಳಬಹುದಲ್ಲ?

ಹೇಳಿಕೊಳ್ಳಬಹುದು, ವಾರ್ನರ್ ಅದನ್ನು ಒಪ್ಪುತ್ತಾರೆ ಕೂಡ. ಕೌಂಟರ್‌ಪಬ್ಲಿಕ್ ಎನ್ನುವುದು ಒಳ್ಳೆಯವರಿಗೆ ಕೊಡುವ ಪ್ರಶಸ್ತಿಯಲ್ಲ. ಅಮೆರಿಕದ ಇವ್ಯಾಂಜೆಲಿಕಲ್ ಕ್ರೈಸ್ತರಲ್ಲಿಯೂ ‘ಲೋಕ ನಮ್ಮನ್ನು ನೋಡಿ ನಗುತ್ತದೆ’ ಎಂಬ ಭಾವ ಗಟ್ಟಿಯಾಗಿದೆ. ಅವರ ಸಾರ್ವಜನಿಕ ವಲಯದ ಬಗ್ಗೆ ವಾರ್ನರ್ 2009ರಲ್ಲಿ ಒಂದು ಉಪನ್ಯಾಸ ಮಾಲೆಯನ್ನೇ ಕೊಟ್ಟರು. ಬೆಳೆದ ಮನೆಯ ಮೇಲೆ ಹಗೆ ಸಾಧಿಸಲಿಲ್ಲ ಎಂಬುದು ಅವರಲ್ಲಿ ನನಗೆ ಹಿಡಿಸುವ ಗುಣ.

‘ಹೆಟೆರೊನಾರ್ಮೆಟಿವಿಟಿ’ ಎಂದು ಪದೇ ಪದೇ ಕೇಳುತ್ತೇವೆ. ಏನದು?

ಗಂಡು-ಹೆಣ್ಣಿನ ಜೋಡಿಯೇ ಬದುಕಿನ ಅಳತೆಗೋಲು ಎಂದು ಇಡೀ ವ್ಯವಸ್ಥೆ ಹೇಳದೆಯೇ ಹೇಳುತ್ತಿರುವುದು. ಈ ಹೆಸರನ್ನು ಚಲಾವಣೆಗೆ ತಂದದ್ದು ವಾರ್ನರ್ 1991ರಲ್ಲಿ ಬರೆದ ಲೇಖನ. ಇದು ಸಲಿಂಗಿಗಳನ್ನು ಬೈಯುವುದಲ್ಲ. ಯಾರನ್ನೂ ಬೈಯದವರ ಮನೆಯಲ್ಲೂ ಇದು ಇರುತ್ತದೆ.

1998ರಲ್ಲಿ ಷಿಕಾಗೋ ವಿಶ್ವವಿದ್ಯಾಲಯದ ಲಾರೆನ್ ಬರ್ಲಾಂಟ್ ಜೊತೆ ಸೇರಿ ಅವರು ಬರೆದ ‘ಸೆಕ್ಸ್ ಇನ್ ಪಬ್ಲಿಕ್’ ಎಂಬ ಪ್ರಬಂಧವೊಂದಿದೆ. ಗಂಡು-ಹೆಣ್ಣಿನ ದಾಂಪತ್ಯದ ಲೋಕ ಹಾಸಿಗೆಯಿಂದ ಎಷ್ಟು ದೂರ ಚಾಚಿದೆ ಎಂದು ತೋರಿಸಲು ಅಲ್ಲಿ ಒಂದು ತಮಾಷೆಯ ಪಟ್ಟಿ ಬರುತ್ತದೆ: ತೆರಿಗೆ ಕಟ್ಟುವುದು, ಪರ್ಸಿನಲ್ಲಿ ಫೋಟೊ ಇಟ್ಟುಕೊಳ್ಳುವುದು, ಅಂಗಡಿಯಲ್ಲಿ ದೊಡ್ಡ ಪ್ಯಾಕೆಟ್ ಕೊಳ್ಳುವುದು, ಆಸ್ತಿ ಬರೆದಿಡುವುದು, ಶವಸಂಸ್ಕಾರ. ಇವು ಯಾವುವೂ ಲೈಂಗಿಕ ಕ್ರಿಯೆಗಳಲ್ಲ. ಆದರೂ ಎಲ್ಲದರ ಹಿಂದೆ ಒಂದು ಗಂಡ-ಹೆಂಡತಿ-ಮಕ್ಕಳ ಚಿತ್ರ ನಿಂತಿದೆ. ನಾವೂ ಯಾವುದಾದರೂ ಅರ್ಜಿ ತೆಗೆದು ನೋಡಿದರೆ ತಂದೆ/ಗಂಡನ ಹೆಸರಿನ ಖಾನೆ ಕಣ್ಣಿಗೆ ಬೀಳುತ್ತದಲ್ವಾ?

ಲೈಂಗಿಕತೆ ಖಾಸಗಿ ವಿಷಯ. ಅದನ್ನು ಸುಮ್ನೆ ಬೀದಿಗೆ ಯಾಕೆ ತರಬೇಕು?

ಅದು ಬೀದಿಯಲ್ಲೇ ಇದೆ ಎಂಬುದು ಬರ್ಲಾಂಟ್ ಮತ್ತು ವಾರ್ನರ್ ಉತ್ತರ. ಮದುವೆಯ ಮೆರವಣಿಗೆ, ಜಾಹೀರಾತಿನ ಜೋಡಿ, ರಾಜಕಾರಣಿಯ ಪಕ್ಕ ನಿಂತ ಹೆಂಡತಿ, ಎಲ್ಲ ಸಾರ್ವಜನಿಕ. ಅದು ಲೈಂಗಿಕತೆ ಎಂದು ನಮಗೆ ಅನಿಸುವುದಿಲ್ಲ, ಅಷ್ಟೇ. ಖಾಸಗಿಯಾಗಿ ಇಟ್ಟುಕೊಳ್ಳಿ ಎಂದು ಹೇಳಿಸಿಕೊಳ್ಳುವವರು ಮಾತ್ರ ಬೇರೆಯವರು.

ಆ ಪ್ರಬಂಧದ ಹಿಂದೆ ನ್ಯೂಯಾರ್ಕಿನ ಒಂದು ಕಾನೂನಿದೆ. ರೂಡಿ ಜೂಲಿಯಾನಿ ಮೇಯರ್ ಆಗಿದ್ದಾಗ, 1995ರ ಅಕ್ಟೋಬರಿನಲ್ಲಿ ನಗರ ಸಭೆ ಒಂದು ಝೋನಿಂಗ್ ತಿದ್ದುಪಡಿಗೆ, ಅಂದರೆ ನಗರದ ಯಾವ ಭಾಗದಲ್ಲಿ ಏನಿರಬಹುದು ಎಂಬ ನಿಯಮದ ಬದಲಾವಣೆಗೆ, ಒಪ್ಪಿಗೆ ಕೊಟ್ಟಿತು. ‘ವಯಸ್ಕರ’ ಪುಸ್ತಕದಂಗಡಿ, ವಿಡಿಯೊ ಅಂಗಡಿ, ಥಿಯೇಟರುಗಳು ಶಾಲೆಯಿಂದ, ಚರ್ಚಿನಿಂದ, ಒಂದರಿಂದ ಇನ್ನೊಂದು ಕನಿಷ್ಠ 500 ಅಡಿ ದೂರ ಇರಬೇಕು. ವಸತಿ ಪ್ರದೇಶದಲ್ಲಿ ಇರುವಂತಿಲ್ಲ. ನಗರದ ನಕ್ಷೆಯ ಮೇಲೆ ಇದನ್ನು ಎಳೆದು ನೋಡಿದರೆ ಉಳಿದದ್ದು ಹೆಚ್ಚಾಗಿ ನದಿದಂಡೆಯ ಗೋದಾಮುಗಳ ಪಕ್ಕದ ಪ್ರದೇಶ, ರಾತ್ರಿ ಒಬ್ಬರೇ ನಡೆಯಲು ಹೆದರುವ ಜಾಗ.

ಸರಿ, ಅಶ್ಲೀಲ ಅಂಗಡಿ ಹೋದರೆ ಹೋಗಲಿ ಬಿಡಿ, ಎನ್ನುತ್ತೀರಾ? ನ್ಯೂಯಾರ್ಕಿನ ಸಲಿಂಗಿಗಳು ಸೇರುತ್ತಿದ್ದ ಗ್ರೀನ್‌ವಿಚ್ ವಿಲೇಜಿನ ಕ್ರಿಸ್ಟೋಫರ್ ಬೀದಿಯನ್ನು ತೆಗೆದುಕೊಳ್ಳಿ. ಅಲ್ಲಿ ಒಂದರ ಪಕ್ಕ ಒಂದು ಇಂಥ ಅಂಗಡಿಗಳಿದ್ದವು. ಅವುಗಳ ಸಲುವಾಗಿ ಜನ ಬರುತ್ತಿದ್ದರು. ಬಂದವರು ಪಕ್ಕದ ಬಾರಿಗೆ, ಕೆಫೆಗೆ, ಪುಸ್ತಕದಂಗಡಿಗೂ ಹೋಗುತ್ತಿದ್ದರು. ಊರಿಗೆ ಹೊಸಬನಾದ ಹುಡುಗನಿಗೆ ಯಾರ ಪರಿಚಯವೂ ಬೇಕಿರಲಿಲ್ಲ, ಆ ಬೀದಿಯ ಹೆಸರು ಗೊತ್ತಿದ್ದರೆ ಸಾಕು. ದುಡ್ಡಿದ್ದವರು ಮನೆಗೇ ಜನರನ್ನು ಕರೆಯಬಹುದು. ಇಲ್ಲದವರಿಗೆ, ಮನೆಯಲ್ಲಿ ಹೇಳಲಾಗದವರಿಗೆ ಬೀದಿಯೇ ಮನೆ. ಕಾನೂನು ಸಲಿಂಗಿಗಳ ಹೆಸರನ್ನೇ ಎತ್ತಲಿಲ್ಲ. ಆದರೂ ಏಟು ಬಿದ್ದದ್ದು ಅವರಿಗೆ.

ಇದರ ವಿರುದ್ಧ 1997ರಲ್ಲಿ ನ್ಯೂಯಾರ್ಕಿನಲ್ಲಿ ‘ಸೆಕ್ಸ್ ಪ್ಯಾನಿಕ್!’ ಎಂಬ ಗುಂಪು ಎದ್ದಿತು. ವಾರ್ನರ್ ಅದರಲ್ಲಿದ್ದರು. ಅವರನ್ನು ಜಾಸ್ತಿ ಬೈದವರು ಸಂಪ್ರದಾಯಸ್ಥರಿಗಿಂತ ಕೆಲವು ಗೇ ಬರಹಗಾರರೇ. ‘ಇವರಿಂದಲೇ ನಮ್ಮ ಮಾನ ಹೋಗುತ್ತಿದೆ’ ಎಂಬುದು ಆ ಜಗಳದ ಸಾರ.

ಏಡ್ಸ್ ಕಾಲದಲ್ಲೂ ಇಂಥ ಜಾಗಗಳನ್ನು ಸಮರ್ಥಿಸುವುದು ಬೇಜವಾಬ್ದಾರಿಯಲ್ವಾ?

ವಾರ್ನರ್ ವಾದ ನೇರ ಉಲ್ಟಾ. ಸುರಕ್ಷಿತ ಲೈಂಗಿಕತೆ ಎಂಬ ಕಲ್ಪನೆಯನ್ನು ಸರ್ಕಾರ ಕಂಡುಹಿಡಿಯಲಿಲ್ಲ. ವೈರಸ್ಸಿನ ಗುರುತು ಇನ್ನೂ ಖಚಿತವಾಗಿರದ 1983ರಲ್ಲೇ ನ್ಯೂಯಾರ್ಕಿನಲ್ಲಿ ಏಡ್ಸ್ ಇದ್ದ ಇಬ್ಬರು ಗೇ ಗಂಡಸರು, ಒಬ್ಬ ವೈದ್ಯರ ಸಲಹೆ ಪಡೆದು, ಕಾಂಡೋಮ್ ಬಳಸಿ ಎಂದು ತಿಳಿಸುವ ಕೈಪಿಡಿ ಬರೆದರು. ಇಂಥ ತಿಳಿವಳಿಕೆ ಹರಡಿದ್ದು ಬಾರುಗಳ ಗೋಡೆಯ ಮೇಲೆ, ಗೆಳೆಯರ ಬಾಯಲ್ಲಿ. ಮುಚ್ಚುಮರೆಯಿಲ್ಲದೆ ಮಾತಾಡುವ ಜಾಗ ಇದ್ದದ್ದರಿಂದ ಅದು ಹರಡಿತು. ಸರ್ಕಾರ ಏನು ಮಾಡಿತು? 1987ರಲ್ಲಿ ಸೆನೆಟ್, ಸಲಿಂಗಕಾಮವನ್ನು ‘ಪ್ರೋತ್ಸಾಹಿಸುವ’ ಏಡ್ಸ್ ಜಾಗೃತಿ ಸಾಮಗ್ರಿಗೆ ಕೇಂದ್ರದ ದುಡ್ಡು ಕೊಡಬಾರದೆಂದು 94–2 ಮತಗಳಿಂದ ನಿರ್ಧರಿಸಿತು. ನಾಚಿಕೆ ಜೀವ ಉಳಿಸುತ್ತದೆ ಎಂಬ ನಂಬಿಕೆ ಆ 94 ಜನರದು. ಎಷ್ಟು ಜನಕ್ಕೆ ಅದು ಮುಳುವಾಯಿತೋ.

ವಾರ್ನರ್ ಸಲಿಂಗ ಮದುವೆಗೆ ವಿರೋಧವಾಗಿದ್ದರಂತೆ? ಹೌದಾ?

ಮದುವೆಯನ್ನೇ ಚಳವಳಿಯ ಮೊದಲ ಗುರಿ ಮಾಡಿಕೊಳ್ಳುವುದಕ್ಕೆ ವಿರೋಧ. 1999ರ ಅವರ ಪುಸ್ತಕ ‘ದಿ ಟ್ರಬಲ್ ವಿತ್ ನಾರ್ಮಲ್’ ಪೂರಾ ಈ ಜಗಳವೇ. ಅಮೆರಿಕದಲ್ಲಿ ವಿಮೆ, ವೀಸಾ, ಪಿಂಚಣಿ, ಆಸ್ಪತ್ರೆಯಲ್ಲಿ ಪಕ್ಕ ಕೂರುವ ಹಕ್ಕು, ಎಲ್ಲವನ್ನೂ ಮದುವೆಗೆ ಕಟ್ಟಿಹಾಕಿದ್ದಾರೆ. ಕೆಲವರನ್ನು ಆ ಪಂಕ್ತಿಗೆ ಸೇರಿಸಿಕೊಂಡರೆ ಹೊರಗೆ ಉಳಿದವರು ಇನ್ನಷ್ಟು ಹೊರಗಾಗುತ್ತಾರೆ. ಒಂಟಿಯಾಗಿ ಬಾಳುವವರು, ಸ್ನೇಹವನ್ನೇ ಸಂಸಾರ ಮಾಡಿಕೊಂಡವರು, ವಿಧವೆಯರು, ಲೈಂಗಿಕ ಕಾರ್ಮಿಕರು. ‘ನೋಡಿ, ನಾವೂ ನಿಮ್ಮಂತೆಯೇ ಮರ್ಯಾದಸ್ಥರು’ ಎಂದಾಗ ಯಾರೋ ಇನ್ನೊಬ್ಬರು ಅಮರ್ಯಾದಸ್ಥರಾಗಲೇಬೇಕು. ಮದುವೆಗೆ ಕಟ್ಟಿದ ಸವಲತ್ತನ್ನು ಬಿಚ್ಚಿ ಎಲ್ಲರಿಗೂ ಕೊಡಿ ಎಂಬುದು ಅವರ ಬೇಡಿಕೆ.

ಚಳವಳಿ ಅವರ ಮಾತು ಕೇಳಲಿಲ್ಲ. ಸಲಿಂಗ ಮದುವೆ 2004ರಲ್ಲಿ ಮ್ಯಾಸಚೂಸೆಟ್ಸ್‌ನಲ್ಲಿ, 2015ರ ಜೂನ್ 26ರಂದು ಸುಪ್ರೀಂ ಕೋರ್ಟಿನ ತೀರ್ಪಿನಿಂದ ಇಡೀ ದೇಶದಲ್ಲಿ ಕಾನೂನುಬದ್ಧವಾಯಿತು. ಆಸ್ಪತ್ರೆಯ ಬಾಗಿಲಲ್ಲಿ ‘ನೀವು ಯಾರು’ ಎಂದು ಕೇಳಿಸಿಕೊಂಡು ನಿಂತವರಿಗೆ ಆ ತೀರ್ಪು ಕೊಟ್ಟ ನೆಮ್ಮದಿಯನ್ನು ವಾರ್ನರ್ ಸ್ವಲ್ಪ ಹಗುರವಾಗಿ ತೆಗೆದುಕೊಂಡರು ಅಂತ ನನಗನಿಸುತ್ತದೆ. ಆದರೆ ಅವರು ಎತ್ತಿದ ಪ್ರಶ್ನೆ ತೀರ್ಪಿನಿಂದ ಬಗೆಹರಿದಿಲ್ಲ. ಮದುವೆಯಾಗದವರ ಲೆಕ್ಕ ಇನ್ನೂ ಬಾಕಿ.

ಅವರ ಮೇಲಿನ ಟೀಕೆಗಳು?

ಹಲವಿವೆ. ಗಟ್ಟಿಯಾದದ್ದು ಜನಾಂಗದ ಪ್ರಶ್ನೆ. ಕ್ವಿಯರ್ ರಾಜಕಾರಣ ‘ಸಲಿಂಗಿ’, ‘ಭಿನ್ನಲಿಂಗಿ’ (ಅಂದರೆ ಗಂಡು-ಹೆಣ್ಣಿನ ಜೋಡಿಯವರು) ಎಂದು ಎರಡೇ ಪಾಲು ಮಾಡಿದರೆ, ಸರ್ಕಾರದ ನೆರವಿನಲ್ಲಿ ಬದುಕುವ ಕಪ್ಪು ತಾಯಿ ಯಾವ ಕಡೆ ಎಂದು ಅಮೆರಿಕದ ವಿದ್ವಾಂಸೆ ಕ್ಯಾತಿ ಕೋಹೆನ್ 1997ರಲ್ಲಿ ಕೇಳಿದರು. ಆಕೆ ಭಿನ್ನಲಿಂಗಿಯೇ, ಆದರೆ ‘ಸರಿಯಾದ ಸಂಸಾರ’ದ ಲೆಕ್ಕಕ್ಕೆ ಆಕೆಯೂ ಹೊರಗೆ. ಇದು ವಾರ್ನರ್ ಒಬ್ಬರಿಗಲ್ಲ, ಇಡೀ ಕ್ವಿಯರ್ ಚಿಂತನೆಗೆ ಹಾಕಿದ ಪ್ರಶ್ನೆ. ಆದರೂ ಅವರಿಗೆ ತಟ್ಟುತ್ತದೆ. ಅವರ ನಗರದಲ್ಲಿ ಓಡಾಡುವವರು ಹೆಚ್ಚಾಗಿ ಗಂಡಸರು ಎಂಬ ದೂರೂ ಇದೆ, ಅದರಲ್ಲಿ ಹುರುಳಿದೆ. ಬರವಣಿಗೆ ಕಷ್ಟ ಎಂಬ ಟೀಕೆ ಮಾತ್ರ 1999ರ ಪುಸ್ತಕಕ್ಕೆ ಅನ್ವಯಿಸುವುದಿಲ್ಲ, ಅದನ್ನು ಯಾರು ಬೇಕಾದರೂ ಓದಬಹುದು.

ಭಾರತಕ್ಕೆ, ಕರ್ನಾಟಕಕ್ಕೆ ಇದೆಲ್ಲ ಹೊಂದುತ್ತಾ?

ವಾರ್ನರ್ ಬರೆದದ್ದು ಅಮೆರಿಕದ ಬಗ್ಗೆ. ಇಲ್ಲಿಗೆ ಎತ್ತಿ ತಂದು ಅಂಟಿಸಬಾರದು. ಆದರೆ ಖಾಸಗಿ-ಸಾರ್ವಜನಿಕದ ಜಗಳ ಇಲ್ಲಿಯೂ ನಡೆದಿದೆ, ಅದರಲ್ಲಿ ಕನ್ನಡ ನಾಡಿನ ಪಾತ್ರವೂ ಇದೆ.

ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು 2017ರ ಆಗಸ್ಟ್ 24ರಂದು ಹೇಳಿದ್ದು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರ ಪ್ರಕರಣದಲ್ಲಿ. ಮರುವರ್ಷ ಸೆಪ್ಟೆಂಬರ್ 6ರಂದು, ಸಲಿಂಗ ಸಂಬಂಧವನ್ನು ಅಪರಾಧವೆನ್ನುತ್ತಿದ್ದ ದಂಡ ಸಂಹಿತೆಯ 377ನೇ ಕಲಮಿನ ಹಲ್ಲು ಕಿತ್ತ ತೀರ್ಪು ಅದರ ಮೇಲೂ ನಿಂತಿದೆ. ಹಾಗಾದರೆ ನಮಗೆ ಸಿಕ್ಕಿದ್ದು ನಾಲ್ಕು ಗೋಡೆಯೊಳಗಿನ ಸ್ವಾತಂತ್ರ್ಯ ಮಾತ್ರವಾ? ಅದೇ 2018ರ ತೀರ್ಪಿನಲ್ಲಿ ನ್ಯಾಯಮೂರ್ತಿ ಚಂದ್ರಚೂಡ್, ಲೈಂಗಿಕ ಖಾಸಗಿತನದ ಹಕ್ಕಿನಲ್ಲಿ ಸಾರ್ವಜನಿಕ ಜಾಗಗಳಲ್ಲಿ ತಮ್ಮಿಷ್ಟದಂತೆ ಓಡಾಡುವ ಹಕ್ಕೂ ಸೇರಬೇಕು ಎಂದರು. ವಾರ್ನರ್ ಓದಿದವರು ಆ ಭಾಗಕ್ಕೆ ಬಂದಾಗ ಒಂದು ಕ್ಷಣ ನಿಲ್ಲುತ್ತಾರೆ. ಮದುವೆಯ ಹಕ್ಕನ್ನು ಮಾತ್ರ 2023ರ ಅಕ್ಟೋಬರ್ 17ರಂದು ಕೋರ್ಟು ಒಪ್ಪಲಿಲ್ಲ.

ಕೋಣೆಯೇ ಇಲ್ಲದವರಿಗೆ ಕೋಣೆಯೊಳಗಿನ ಹಕ್ಕಿನಿಂದ ಏನು ಪ್ರಯೋಜನ? ಮಂಗಳಮುಖಿಯರನ್ನು ಪೊಲೀಸರು ಹಿಡಿಯುವುದು ಸಿಗ್ನಲ್ಲಿನಲ್ಲಿ, ಪಾರ್ಕಿನಲ್ಲಿ, ಬಸ್ ಸ್ಟ್ಯಾಂಡಿನಲ್ಲಿ. 2011ರಲ್ಲಿ ಕರ್ನಾಟಕ ಪೊಲೀಸ್ ಕಾಯ್ದೆಗೆ 36ಎ ಎಂಬ ಕಲಮು ಸೇರಿತು. ಅವರನ್ನು ಹೆಸರಿಸಿಯೇ, ಅವರ ಪಟ್ಟಿ ಇಡಲು, ಚಲನವಲನ ನಿಯಂತ್ರಿಸಲು ಪೊಲೀಸರಿಗೆ ಅಧಿಕಾರ ಕೊಟ್ಟ ಕಲಮು ಅದು. ಲೈಂಗಿಕ ಅಲ್ಪಸಂಖ್ಯಾತರ ಸಂಘಟನೆ ಹೈಕೋರ್ಟಿಗೆ ಹೋಯಿತು. 2016ರಲ್ಲಿ ಸರ್ಕಾರ ಆ ಉಲ್ಲೇಖವನ್ನು ತೆಗೆಯಿತು. ಇಲ್ಲಿನ ಜಗಳ ಹಾಸಿಗೆಯದ್ದಲ್ಲ, ರಸ್ತೆಯದ್ದು. 2008ರಲ್ಲಿ ಬೆಂಗಳೂರಿನಲ್ಲಿ ಪ್ರೈಡ್ ಮೆರವಣಿಗೆ ಶುರುವಾದಾಗಲೂ ಕೆಲವರು ಮುಖಕ್ಕೆ ಮುಖವಾಡ ಹಾಕಿಕೊಂಡು ನಡೆದರು. ಬೀದಿಗೂ ಬರಬೇಕು, ಮನೆಗೂ ಗೊತ್ತಾಗಬಾರದು. ಬಾಗಿಲ ಸಂದಿಯಲ್ಲಿ ಪತ್ರ ತೂರಿಸಿದ ಹುಡುಗನಿಗೆ ಮುಖ ಮರೆಸುವುದು ಅವಕಾಶವಾಗಿತ್ತು. ಇವರಿಗೆ ಅದು ಬೇರೆ ದಾರಿಯಿಲ್ಲದೆ ಮಾಡಿಕೊಂಡ ಏರ್ಪಾಡು.

ಎಲ್ಲಿಂದ ಓದಲು ಶುರು ಮಾಡಲಿ?

ಮದುವೆಯ ಜಗಳದಲ್ಲಿ ಆಸಕ್ತಿ ಇದ್ದರೆ 1999ರ ಪುಸ್ತಕ. ಪಬ್ಲಿಕ್ ಎಂಬ ಕಲ್ಪನೆ ಬೇಕಿದ್ದರೆ 2002ರ ‘ಪಬ್ಲಿಕ್ಸ್ ಅಂಡ್ ಕೌಂಟರ್‌ಪಬ್ಲಿಕ್ಸ್’ ಪ್ರಬಂಧ ಸಂಕಲನದಲ್ಲಿ ಅದೇ ಹೆಸರಿನ ಪ್ರಬಂಧ ಮೊದಲು ಓದಿ, ಉಳಿದವನ್ನು ಬೇಕೆನಿಸಿದಾಗ ಓದಿದರಾಯಿತು. ಬರ್ಲಾಂಟ್ ಜೊತೆ ಬರೆದದ್ದೂ ಅದರಲ್ಲೇ ಇದೆ. ಅದರ ಕೊನೆಯ ಕಡೆ ಚರ್ಮದುಡುಪಿನ ಗೇ ಗಂಡಸರು ಸೇರುವ ಲೆದರ್ ಬಾರಿನ ಒಂದು ಪ್ರದರ್ಶನದ ವಿವರ ಬರುತ್ತದೆ, ಊಟದ ಹೊತ್ತಿಗೆ ಓದಬೇಡಿ. 1990ರ ಅಚ್ಚಿನ ಚರಿತ್ರೆಯ ಪುಸ್ತಕ ‘ದಿ ಲೆಟರ್ಸ್ ಆಫ್ ದಿ ರಿಪಬ್ಲಿಕ್’ ಅನ್ನು ಜನ ಬಿಟ್ಟುಬಿಡುತ್ತಾರೆ. ಫ್ರಾಂಕ್ಲಿನ್ ಬಗೆಗಿನ ಅಧ್ಯಾಯ ಒಂದನ್ನಾದರೂ ಓದಿ.